ಎರಡು ಬಿಳಿ

ಶಿವರಾಂಪೇಟೆಯ ಸಣ್ಣ ಅಂಗಡಿ ನಮ್ಮದು.
ಬೆನ್ನ ಹಿಂದೆ ಗೋಡೆಯಿಡೀ ಬ್ಲೌಸ್ ಪೀಸು:
ಗಿಣಿಹಸಿರು, ಬಾಳೆಸುಳಿ, ಪಾಚಿ,
ಆನಂದ, ನವಿಲುಕತ್ತು, ನೇರಳೆ, ಬದನೆ.
ಮೂವತ್ತನಾಲ್ಕು ವರ್ಷ
ಗಿರಾಕಿಯ ಸೆರಗು ನೋಡಿ, ತಿರುಗದೆ ಕೈ ಹಿಂದಕ್ಕೆ ಹಾಕಿ
ಎಳೆದರೆ ಅದೇ ಬಣ್ಣ.
ನಂಜರಾಜೇ ಅರಸರ ಕಣ್ಣು ಅಂದರೆ ಚಿನ್ನದ ತಕ್ಕಡಿ
ಅನ್ನುತ್ತಿದ್ದರು ಟೈಲರುಗಳು.
ನಾನೂ ನಂಬಿದ್ದೆ.

ಎದುರು ಫುಟ್‌ಪಾತಿನಲ್ಲಿ ಇಸ್ತ್ರಿ ಗಾಡಿಯ ಸಿದ್ದಪ್ಪಾಜಿ.
ಮಟಮಟ ಮಧ್ಯಾಹ್ನ ಅವನ ಇದ್ದಿಲಿನಿಂದ
ಚಿಮ್ಮುವಷ್ಟು ಬೆಳಕು
ನನ್ನ ಒಳಕಪಾಟಿನ ಲಾಂಗ್‌ಕ್ಲಾತಿನಿಂದ ಎಂದೂ ಚಿಮ್ಮಿಲ್ಲ.
ಆದರೂ ಇದ್ದಿಲು ಕಪ್ಪು, ಲಾಂಗ್‌ಕ್ಲಾತು ಬಿಳಿ.
ಕಣ್ಣಿಗೆ ಬಂದ ಲೆಕ್ಕ ಬೇರೆ,
ಒಳಗೆ ಕೂತ ಗುಮಾಸ್ತ ಬರೆದುಕೊಂಡ ಲೆಕ್ಕ ಬೇರೆ.
ಬಿಸಿಲು ಕಳೆ, ನೆರಳು ಕೂಡು,
ಟ್ಯೂಬ್‌ಲೈಟಿನ ನೀಲಿ ಮನ್ನಾ,
ಚಿಟಿಕೆ ಹೊಡೆಯುವುದರೊಳಗೆ ಖಾತೆ ಸರಿದೂಗಿಸಿ
ಬಟ್ಟೆಯನ್ನು ಬಟ್ಟೆಯ ಬಣ್ಣದಲ್ಲೇ ಇಡುತ್ತಾನೆ.
ಸಂಬಳವಿಲ್ಲ, ರಜೆಯಿಲ್ಲ.
ಅವನಿದ್ದಾನೆಂದೇ ಗೊತ್ತಿರಲಿಲ್ಲ ನನಗೆ.

ಗುಂಡ್ಲುಪೇಟೆಯ ಟೀಚರು, ಶಾಂಭವಿ ಅಂತ,
ಬದನೆ ಬಣ್ಣದ ಸೀರೆಗೆ ಪೀಸು ಒಯ್ದವರು
ಮರುವಾರ ವಾಪಸು.
“ಇದು ಕಂದು, ಸಾರ್.”
ನಕ್ಕೆ. “ನಿಮ್ಮನೆ ಬಲ್ಬು ಸರಿಯಿಲ್ಲ ತಾಯಿ.”
ಬಾಗಿಲಿಗೆ ಕರೆದು ಹಗಲಿಗೆ ಹಿಡಿದು ತೋರಿಸಿದೆ.
ಬಟ್ಟೆಯನ್ನು ನೋಡಿದರು, ಆಮೇಲೆ ನನ್ನನ್ನು,
ನನ್ನನ್ನೇ ತುಸು ಹೆಚ್ಚು ಹೊತ್ತು.
ಬಸ್ಸಿಗೆ ಹೊತ್ತಾಯಿತೆಂದು
ಪೀಸು ಬಿಟ್ಟು, ದುಡ್ಡೂ ಕೇಳದೆ ಹೋದರು.
ಅಂಥವರು ಆ ವರ್ಷ ಒಂಬತ್ತು ಜನ.

ಜ್ಯೇಷ್ಠದಲ್ಲಿ ಬಲಗಣ್ಣಿನ ಪೊರೆ ತೆಗೆದರು.
ಪಟ್ಟಿ ಬಿಚ್ಚಿದ ಬೆಳಗ್ಗೆ ಚಿಕ್ಕಮ್ಮಣ್ಣಿ ಕಾಫಿ ತಂದಳು.
ಲೋಟದ ಅಂಚಿನಲ್ಲಿ ನೀಲಿ.
ಗೋಡೆಯ ಸುಣ್ಣದಲ್ಲಿ ನೀಲಿ.
ಅವಳ ಕೂದಲು,
ಅಲ್ಲೊಂದು ಇಲ್ಲೊಂದು ನರೆತಿದೆ ಅಂದುಕೊಂಡಿದ್ದೆ,
ದೇವರೇ, ಹೊಸ ಮಲ್ಲು ಪಂಚೆಯ ಹಾಗಿತ್ತು.
“ಏನ್ ಹಾಗೆ ನೋಡ್ತೀರಿ?” ಅಂದಳು.

ಬಲಗಣ್ಣು ಮುಚ್ಚಿದರೆ
ಲೋಕಕ್ಕೆಲ್ಲ ತೆಳು ಡಿಕಾಕ್ಷನ್ ಎರಚಿದ ಹಾಗೆ.
ಎಡಗಣ್ಣು ಮುಚ್ಚಿದರೆ
ಈಗಷ್ಟೇ ನೀಲಿಗದ್ದಿ ಹಿಂಡಿ ಹರವಿದ ಹಾಗೆ.
ಲಾಂಗ್‌ಕ್ಲಾತು ಒಂದೇ. ಬಿಳಿ ಎರಡು.

ಹತ್ತು ಹನ್ನೆರಡು ವರ್ಷ
ದಿನಕ್ಕೊಂದೆಳೆ ಹಳದಿ ನೇಯುತ್ತಿತ್ತು ಪೊರೆ,
ದಿನಕ್ಕೊಂದೆಳೆ ಬಿಚ್ಚುತ್ತಿದ್ದ ಗುಮಾಸ್ತ,
“ಬಿಳಿ ಬಿಳಿಯಾಗಿಯೇ ಇದೆ ಬುದ್ಧಿ” ಎಂದು ಒಪ್ಪಿಸುತ್ತಿದ್ದ.
ಸುಳ್ಳನಲ್ಲ. ನಿಯತ್ತಿನವನು.
ಬಾಗಿಲಲ್ಲೇ ಸೋರಿಹೋದ ನೀಲಿಯನ್ನು
ಪಾಪ, ಅವನಾದರೂ ಎಲ್ಲಿಂದ ತಂದಾನು?

ಅಂಗಡಿಗೆ ಹೋಗಿ ಷಟರು ಅರ್ಧ ಎಳೆದು
ಗೋಡೆಯೆದುರು ನಿಂತೆ, ಒಂದು ಕಣ್ಣು, ಇನ್ನೊಂದು ಕಣ್ಣು.
ಬದನೆಯ ಸಾಲಿನಲ್ಲಿ ಅರ್ಧಕ್ಕರ್ಧ ಕಂದು,
ನನ್ನ ಕೈಯಾರೆ ಜೋಡಿಸಿದ್ದು.
ಕೌಂಟರಿನ ತಬಸ್ಸುಮ್ ನೆಲ ನೋಡುತ್ತ ಅಂದಳು:
“ನೀವು ಊಟಕ್ಕೆ ಹೋದಾಗ ಸರಿ ಮಾಡ್ತಿದ್ದೆ ಸಾರ್.
ಬಂದು ಮತ್ತೆ ಬದಲಾಯಿಸ್ತಿದ್ರಿ.”
“ಹೇಳಬಾರದಾಗಿತ್ತಾ?”
“ಹೇಳಿದ್ದೆ. ಎರಡು ಸಲ.”

ಈಗ ಆಷಾಢ, ವ್ಯಾಪಾರ ಮಂದ.
ದಿನಾ ಬೆಳಗ್ಗೆ ಒಂದೊಂದೇ ಕಣ್ಣು ಮುಚ್ಚಿ ನೋಡುತ್ತೇನೆ.
ನಿನ್ನೆಯಷ್ಟು ವ್ಯತ್ಯಾಸವಿಲ್ಲ.
ಗುಮಾಸ್ತ ಹೊಸ ಖಾತೆ ತೆರೆದಿದ್ದಾನೆ,
ಎರಡು ಬಿಳಿಯನ್ನೂ ಹೊಲಿದು ಒಂದು ಮಾಡುತ್ತಿದ್ದಾನೆ.
ಚಿಕ್ಕಮ್ಮಣ್ಣಿಯ ಕೂದಲು ಮತ್ತೆ ಬರೀ ಕೂದಲಾಗುತ್ತಿದೆ.
ಅದೊಂದನ್ನು ಬಿಡಬಹುದಿತ್ತು ಅವನು.

ಶಾಂಭವಿ ಟೀಚರ ಪೀಸು ಗಲ್ಲಾದಡಿ ಇದೆ.
ಯಾರಾದರೂ ಸೀರೆ ಬಿಚ್ಚಿದರೆ
ಈಗ ಕೈ ಹಿಂದಕ್ಕೆ ಹೋಗುವುದಿಲ್ಲ.
“ತಬಸ್ಸುಮ್, ಬಾರಮ್ಮ, ನೀನೂ ನೋಡು.”
ಮೂವರೂ ಫುಟ್‌ಪಾತಿಗೆ ಇಳಿಯುತ್ತೇವೆ.
ಸಿದ್ದಪ್ಪಾಜಿ ಕೆಂಡದ ಪೆಟ್ಟಿಗೆ ಪಕ್ಕಕ್ಕಿಟ್ಟು
ಗಾಡಿಯನ್ನು ಒಂದು ಮಾರು ಸರಿಸಿ
ಬೆಳಕು ಬಿಡುತ್ತಾನೆ.